ಮನೆಯಂಗಳಕ್ಕೆ ಬಂದ ವಿಶ್ವವಿದ್ಯಾನಿಲಯ
(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣ ಪಾಠ)



ಒಕ್ಕಲು ಮನೆತನಗಳಲ್ಲಿ ಓದು ನಿಲ್ಲುವುದು ಸಾಮಾನ್ಯವಾಗಿ ಬುದ್ಧಿ ಸಾಲದೆ ಅಲ್ಲ. ತಂದೆ ಕಾಯಿಲೆ ಬೀಳುತ್ತಾನೆ, ಎರಡು ವರ್ಷ ಸತತವಾಗಿ ಮಳೆ ಕೈಕೊಡುತ್ತದೆ, ಇಲ್ಲವೆ ತಂಗಿಯ ಮದುವೆಗೆ ಮಾಡಿದ ಸಾಲ ತಲೆಯ ಮೇಲೆ ಕೂರುತ್ತದೆ. ಪಿ.ಯು.ಸಿ. ಮುಗಿಸಿದ ಹಿರಿಯ ಮಗ ಪುಸ್ತಕವನ್ನು ಅಟ್ಟಕ್ಕೆ ಹಾಕಿ ಹೊಲಕ್ಕೆ ಇಳಿಯುತ್ತಾನೆ. ಮಗಳಾದರೆ ಕಾಲೇಜು ಇರುವ ಪಟ್ಟಣಕ್ಕೆ ಬಸ್ಸಿಲ್ಲ ಎಂಬ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಾಳೆ. ಹೀಗೆ ನಿಂತ ಓದು ಮತ್ತೆ ಆರಂಭವಾಗುವುದು ಬಹಳ ಅಪರೂಪ. ಏಕೆಂದರೆ ಕಾಲೇಜಿನ ಗಂಟೆ ಬಾರಿಸುವ ಹೊತ್ತೂ ಹೊಲದಲ್ಲಿ ಕೆಲಸ ಕರೆಯುವ ಹೊತ್ತೂ ಒಂದೇ.

ಈ ಎರಡು ಗಂಟೆಗಳ ನಡುವಿನ ಜಗಳವನ್ನು ಬಿಡಿಸಲು ಹುಟ್ಟಿದ ಏರ್ಪಾಟೇ ದೂರಶಿಕ್ಷಣ. ವಿದ್ಯಾರ್ಥಿ ವಿಶ್ವವಿದ್ಯಾನಿಲಯಕ್ಕೆ ಹೋಗುವ ಬದಲು ವಿಶ್ವವಿದ್ಯಾನಿಲಯವೇ ವಿದ್ಯಾರ್ಥಿಯ ಮನೆಗೆ ಬರುವುದು ಇದರ ಸಾರ. ಕರ್ನಾಟಕದಲ್ಲಿ ಈ ಏರ್ಪಾಟು ಹೇಗೆ ಬೆಳೆಯಿತು, ಎಲ್ಲಿ ಮುಗ್ಗರಿಸಿತು, ಹೇಗೆ ಚೇತರಿಸಿಕೊಂಡಿತು, ರೈತ ಕುಟುಂಬಕ್ಕೆ ಇದರಿಂದ ಆಗುವ ಪ್ರಯೋಜನವೇನು, ವಹಿಸಬೇಕಾದ ಎಚ್ಚರಿಕೆಗಳೇನು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಅಂಚೆಯ ಚೀಲದಲ್ಲಿ ಬಂದ ಪಾಠ

ದೂರದಿಂದ ಕಲಿಸುವ ಪದ್ಧತಿ ಹೊಸದಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಅಗ್ಗದ ಅಂಚೆ ವ್ಯವಸ್ಥೆ ಬಂದಾಗ ಐಸಾಕ್ ಪಿಟ್‌ಮನ್ ಎಂಬಾತ ಶೀಘ್ರಲಿಪಿಯ ಪಾಠಗಳನ್ನು ಕಾರ್ಡುಗಳ ಮೂಲಕ ಕಳುಹಿಸಿ, ವಿದ್ಯಾರ್ಥಿಗಳು ಬರೆದು ಹಿಂತಿರುಗಿಸಿದ ಅಭ್ಯಾಸಗಳನ್ನು ತಿದ್ದಿ ಕಳುಹಿಸುತ್ತಿದ್ದನು. ಪಾಠ ಹೋಗುವುದು, ಉತ್ತರ ಬರುವುದು, ತಿದ್ದುಪಡಿ ಮರಳುವುದು ಎಂಬ ಈ ಮೂರು ಹೆಜ್ಜೆಗಳೇ ಇಂದಿಗೂ ದೂರಶಿಕ್ಷಣದ ಬೆನ್ನೆಲುಬು.

ಭಾರತದಲ್ಲಿ ಪದವಿ ಮಟ್ಟದ ಅಂಚೆ ಶಿಕ್ಷಣ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾರಂಭವಾಯಿತು. ಏಳು ವರ್ಷಗಳ ಅನಂತರ, 1969ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂಬ ಹೆಸರೇ ಇತ್ತು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಜ್ಞಾನವನ್ನು ಹಳ್ಳಿಗೆ ಒಯ್ಯುವ ಕೆಲಸ ಮೈಸೂರಿಗೆ ಹೊಸದೇನೂ ಆಗಿರಲಿಲ್ಲ. 1916ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ತಿಳಿಗನ್ನಡದಲ್ಲಿ ಚಿಕ್ಕ ಪುಸ್ತಕಗಳನ್ನು ಅಗ್ಗದ ಬೆಲೆಗೆ ಪ್ರಕಟಿಸಿತ್ತು. 1935ರಲ್ಲಿ ಅದೇ ಊರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವೊಂದನ್ನು ನಡೆಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಬಂದಿತು.

ಅಂಚೆ ಶಿಕ್ಷಣದ ಕ್ರಮ ಸರಳವಾಗಿತ್ತು. ಮುದ್ರಿತ ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಬಿಡುವಿನ ದಿನಗಳಲ್ಲಿ ಸಂಪರ್ಕ ತರಗತಿಗಳು ನಡೆಯುತ್ತಿದ್ದವು. ವಿದ್ಯಾರ್ಥಿ ಮನೆಯಲ್ಲೇ ಓದಿ ಪರೀಕ್ಷೆಗೆ ಮಾತ್ರ ಪಟ್ಟಣಕ್ಕೆ ಬರುತ್ತಿದ್ದನು. ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಸರ್ಕಾರಿ ಕಚೇರಿಯ ಗುಮಾಸ್ತರು, ಸಹಕಾರ ಸಂಘದ ಕಾರ್ಯದರ್ಶಿಗಳು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು ಇಂತಹ ಶಿಕ್ಷಣದಿಂದ ಪದವೀಧರರಾದರು.

ಆದರೆ ಇದರಲ್ಲಿ ಒಂದು ಕೊರತೆಯೂ ಇತ್ತು. ಕಾಲೇಜಿನ ಪಠ್ಯವನ್ನೇ, ಕಾಲೇಜಿನ ವೇಳಾಪಟ್ಟಿಯಲ್ಲೇ, ಅಂಚೆಯ ಮೂಲಕ ಕಳುಹಿಸಲಾಗುತ್ತಿತ್ತು. ವಿದ್ಯಾರ್ಥಿಯ ಬದುಕಿನ ಗತಿಗೆ ತಕ್ಕಂತೆ ಶಿಕ್ಷಣದ ಗತಿ ಬದಲಾಗುತ್ತಿರಲಿಲ್ಲ. ಎತ್ತಿಗೆ ಹೊಂದುವಂತೆ ನೊಗವನ್ನು ಕೆತ್ತಬೇಕು; ಇಲ್ಲವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಈ ಅರಿವಿನಿಂದ ಹುಟ್ಟಿದ್ದು ಮುಕ್ತ ವಿಶ್ವವಿದ್ಯಾನಿಲಯದ ಕಲ್ಪನೆ.

ಮುಕ್ತ ವಿಶ್ವವಿದ್ಯಾನಿಲಯಗಳ ಉದಯ

ಮೈಸೂರಿನಲ್ಲಿ ಅಂಚೆ ಶಿಕ್ಷಣ ಪ್ರಾರಂಭವಾದ 1969ರಲ್ಲೇ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆಯಿತು. 1971ರಲ್ಲಿ ಅಲ್ಲಿ ಪಾಠಗಳು ಆರಂಭವಾದವು. ಭಾರತದಲ್ಲಿ ಮೊದಲ ಮುಕ್ತ ವಿಶ್ವವಿದ್ಯಾನಿಲಯವು 1982ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಯಿತು. ಅದು ಈಗ ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರನ್ನು ಹೊತ್ತಿದೆ. 1985ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಇಡೀ ದೇಶಕ್ಕಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಬಂದಿತು. 1989ರಲ್ಲಿ ನಾಸಿಕದಲ್ಲಿ ಯಶವಂತರಾವ್ ಚವ್ಹಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾನಿಲಯ ಆರಂಭವಾಗಿ, ಕೃಷಿ ವಿಜ್ಞಾನಕ್ಕೆಂದೇ ಒಂದು ವಿಭಾಗವನ್ನು ತೆರೆಯಿತು.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕಾಯಿದೆ 1992ರದು. ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದದ್ದು 1996ರ ಜೂನ್ 1ರಂದು. ಇಪ್ಪತ್ತೇಳು ವರ್ಷಗಳ ಅನುಭವವಿದ್ದ ಮೈಸೂರಿನ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ ಹೊಸ ವಿಶ್ವವಿದ್ಯಾನಿಲಯವಾಗಿ ಮಾರ್ಪಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ಆವರಣಕ್ಕೆ ಕುವೆಂಪು ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟಿದ್ದರು. ಅದರ ಪಕ್ಕದಲ್ಲೇ ಇರುವ ಮುಕ್ತ ವಿಶ್ವವಿದ್ಯಾನಿಲಯದ ಆವರಣ ಮುಕ್ತಗಂಗೋತ್ರಿ ಎನಿಸಿತು. ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ ಎಂಬುದು ಅದರ ಧ್ಯೇಯವಾಯಿತು. ಮೈಸೂರೊಂದರಲ್ಲೇ ಕುಳಿತರೆ ಬೀದರಿನ ವಿದ್ಯಾರ್ಥಿಗೆ ಉಪಯೋಗವಿಲ್ಲವಾದ್ದರಿಂದ ಬೆಂಗಳೂರು, ಮಂಗಳೂರು, ಧಾರವಾಡ, ಕಲಬುರಗಿ, ಶಿವಮೊಗ್ಗ, ದಾವಣಗೆರೆ ಮೊದಲಾದ ಕಡೆ ಪ್ರಾದೇಶಿಕ ಕೇಂದ್ರಗಳು ತೆರೆದವು. ಅವುಗಳ ಕೆಳಗೆ ಅಧ್ಯಯನ ಕೇಂದ್ರಗಳು ಏರ್ಪಟ್ಟವು. ಕನ್ನಡ ಮಾಧ್ಯಮದಲ್ಲಿ ಪದವಿ ಓದುವ ಅವಕಾಶ ಇರುವುದು ಗ್ರಾಮೀಣ ವಿದ್ಯಾರ್ಥಿಗಳ ಮಟ್ಟಿಗೆ ದೊಡ್ಡ ಅನುಕೂಲ.

ಈ ಶಿಕ್ಷಣ ನಡೆಯುವ ಬಗೆ

ದೂರಶಿಕ್ಷಣದಲ್ಲಿ ಗುರುವಿನ ಸ್ಥಾನದಲ್ಲಿ ಮೊದಲಿಗೆ ನಿಲ್ಲುವುದು ಪಠ್ಯಪುಸ್ತಕ. ಇದನ್ನು ಸ್ವಯಂ ಕಲಿಕಾ ಸಾಮಗ್ರಿ ಎನ್ನುತ್ತಾರೆ. ಪಾಠವನ್ನು ಚಿಕ್ಕ ಚಿಕ್ಕ ಘಟಕಗಳಾಗಿ ಒಡೆದು, ಪ್ರತಿ ಘಟಕದ ಮೊದಲಲ್ಲಿ ಉದ್ದೇಶವನ್ನೂ ನಡುವೆ ಪ್ರಶ್ನೆಗಳನ್ನೂ ಕೊನೆಗೆ ಸಾರಾಂಶವನ್ನೂ ಕೊಟ್ಟಿರುತ್ತಾರೆ. ಓದಿದ್ದು ತಲೆಗೆ ಹತ್ತಿತೇ ಇಲ್ಲವೇ ಎಂದು ವಿದ್ಯಾರ್ಥಿ ತಾನೇ ಪರೀಕ್ಷಿಸಿಕೊಳ್ಳಬಹುದು.

ಎರಡನೆಯದು ಸಂಪರ್ಕ ತರಗತಿ. ನಿಗದಿಯಾದ ದಿನಗಳಲ್ಲಿ ಅಧ್ಯಯನ ಕೇಂದ್ರಕ್ಕೆ ಹೋಗಿ ಅಧ್ಯಾಪಕರೊಡನೆ ಸಂದೇಹ ಪರಿಹರಿಸಿಕೊಳ್ಳುವುದು ಇದರ ಉದ್ದೇಶ. ಮೂರನೆಯದು ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಬರವಣಿಗೆ. ನಾಲ್ಕನೆಯದು ಅಂತಿಮ ಪರೀಕ್ಷೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2020ರ ನಿಯಮಗಳಂತೆ, ನೂರು ಅಂಕಗಳಲ್ಲಿ ನಿಯೋಜಿತ ಬರವಣಿಗೆ ಮುಂತಾದ ಆಂತರಿಕ ಮೌಲ್ಯಮಾಪನಕ್ಕೆ ಹೆಚ್ಚೆಂದರೆ 30 ಅಂಕ. ಅಂತಿಮ ಪರೀಕ್ಷೆಗೆ ಕಡಿಮೆಯೆಂದರೆ 70 ಅಂಕ. ಬರವಣಿಗೆಯನ್ನು ವೇಳೆಗೆ ಸರಿಯಾಗಿ ಒಪ್ಪಿಸದವರು ಮೊದಲೇ ಮೂವತ್ತು ಅಂಕಗಳ ಭಾಗವನ್ನು ಕಳೆದುಕೊಂಡು ಪರೀಕ್ಷೆಗೆ ಕೂರುತ್ತಾರೆ ಎಂಬುದನ್ನು ಮರೆಯಬಾರದು.

ನಮ್ಯತೆ ಎಂದರೆ ಈ ಶಿಕ್ಷಣ ವಿದ್ಯಾರ್ಥಿಯ ಬದುಕಿಗೆ ಬಗ್ಗುವ ಗುಣ. ವಯಸ್ಸಿನ ಮೇಲ್ಮಿತಿ ಇಲ್ಲದಿರುವುದು, ವರ್ಷದಲ್ಲಿ ಎರಡು ಸಲ, ಅಂದರೆ ಜುಲೈ ಹಾಗೂ ಜನವರಿ ಆವೃತ್ತಿಗಳಲ್ಲಿ, ಪ್ರವೇಶ ದೊರೆಯುವುದು, ಪದವಿ ಮುಗಿಸಲು ಹೆಚ್ಚಿನ ಕಾಲಾವಕಾಶ ಇರುವುದು ಇದರ ಮುಖ್ಯ ಅಂಗಗಳು. ಉದಾಹರಣೆಗೆ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷಗಳೊಳಗೆ ಮುಗಿಸಬಹುದು.

ಒಂದು ಲೆಕ್ಕ

ಮನೆಯಲ್ಲೇ ಕುಳಿತು ಓದುವುದು ಸುಲಭ, ಪರೀಕ್ಷೆಯ ಹಿಂದಿನ ವಾರ ಪುಸ್ತಕ ತಿರುವಿದರೆ ಸಾಕು ಎಂಬ ತಪ್ಪು ತಿಳಿವಳಿಕೆ ಬಹಳ ಮಂದಿಯಲ್ಲಿದೆ. ಬಿತ್ತುವ ಮುನ್ನ ಎಕರೆಗೆ ಬೀಜವೆಷ್ಟು, ಗೊಬ್ಬರವೆಷ್ಟು ಎಂದು ಲೆಕ್ಕ ಹಾಕುವ ರೈತನು ಇದರ ಲೆಕ್ಕವನ್ನೂ ಹಾಕಿಕೊಳ್ಳುವುದು ಒಳ್ಳೆಯದು.

ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ವ್ಯಾಸಂಗ. ಓದು, ಬರವಣಿಗೆ, ಸಂಪರ್ಕ ತರಗತಿ ಎಲ್ಲವೂ ಇದರಲ್ಲಿ ಸೇರಿವೆ. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ ಬೇಕು. ದಿನಕ್ಕೆ ಒಂದೂವರೆ ಗಂಟೆ ಓದಿದರೆ 80 ಸಂಜೆಗಳಾದವು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದು ಇಟ್ಟುಕೊಂಡರೆ ಒಟ್ಟು 3,600 ಗಂಟೆ. ಮೂರೇ ವರ್ಷದಲ್ಲಿ ಮುಗಿಸಬೇಕಾದರೆ ರಜೆ ಇಲ್ಲದೆ ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ಓದಬೇಕು. ನಾಟಿಯ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಇದು ಯಾವ ರೈತನಿಗೂ ಸಾಧ್ಯವಾಗದು. ಅದೇ ಪದವಿಗೆ ಆರು ವರ್ಷ ತೆಗೆದುಕೊಂಡರೆ ದಿನಕ್ಕೆ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಸಾಕು.

ಆದ್ದರಿಂದ ಬೇಸಾಯದಲ್ಲಿ ತೊಡಗಿರುವವರು ಪದವಿಯನ್ನು ಬೇಗ ಮುಗಿಸುವ ಹಟ ಹಿಡಿಯುವುದಕ್ಕಿಂತ ಅವಕಾಶವಿರುವ ಪೂರ್ತಿ ಅವಧಿಯನ್ನು ಬಳಸಿಕೊಳ್ಳುವುದೇ ಜಾಣತನ. ಒಂದು ಪರೀಕ್ಷೆಗೆ ಎಲ್ಲ ವಿಷಯಗಳನ್ನೂ ಕಟ್ಟದೆ, ಆ ಹಂಗಾಮಿನ ಕೆಲಸ ನೋಡಿಕೊಂಡು ಎರಡೋ ಮೂರೋ ವಿಷಯಗಳನ್ನು ಕಟ್ಟಬಹುದು. ಮುಂಗಾರು ಬಿತ್ತನೆಯ ನಡುವೆ ಬರುವ ಜುಲೈ ಪ್ರವೇಶಕ್ಕಿಂತ, ಸುಗ್ಗಿ ಮುಗಿಯುತ್ತ ಬರುವ ಜನವರಿಯ ಪ್ರವೇಶ ಒಣ ಬೇಸಾಯದವರಿಗೆ ಹೆಚ್ಚು ಅನುಕೂಲ. ಹೈನುಗಾರಿಕೆ ಅಥವಾ ರೇಷ್ಮೆ ಇರುವ ಮನೆಯಲ್ಲಿ ಕೆಲಸ ವರ್ಷವಿಡೀ ಇರುವುದರಿಂದ, ದಿನದ ಓದಿಗೆ ಒಂದೇ ಹೊತ್ತನ್ನು ಗೊತ್ತು ಮಾಡಿ, ಆ ಹೊತ್ತಿನಲ್ಲಿ ಓದುವವರಿಗೆ ಬೇರೆ ಕೆಲಸ ಹೇಳಬಾರದೆಂದು ಮನೆಯವರೆಲ್ಲ ಒಪ್ಪಿಕೊಳ್ಳಬೇಕು.

ಅತಿಯಾದ ವಿಸ್ತರಣೆಯಿಂದ ಬಂದ ಕಷ್ಟ

ಈ ವಿಶ್ವವಿದ್ಯಾನಿಲಯದ ಇತಿಹಾಸದಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ತಿಳಿದುಕೊಂಡರೆ ಮುಂದೆ ಪ್ರವೇಶ ಪಡೆಯುವವರಿಗೆ ಎಚ್ಚರಿಕೆಯಾಗುತ್ತದೆ.

ದೂರಶಿಕ್ಷಣಕ್ಕೆ ಬೇಡಿಕೆ ಹೆಚ್ಚಿದಂತೆ, ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ, ರಾಜ್ಯದ ಎಲ್ಲೆಯ ಆಚೆಗೂ, ತಾಂತ್ರಿಕ ವಿಷಯಗಳೂ ಸೇರಿದಂತೆ ಅನೇಕ ಕೋರ್ಸುಗಳು ನಡೆದವು. ಇಂತಹ ಸಂಸ್ಥೆಗಳಲ್ಲಿ ಪಾಠ, ಪ್ರಯೋಗ, ಪರೀಕ್ಷೆಗಳು ಹೇಗೆ ನಡೆಯುತ್ತಿವೆ ಎಂದು ಮೈಸೂರಿನಿಂದ ಕಣ್ಣಿಟ್ಟು ನೋಡುವುದು ಕಷ್ಟ. ಅದೇ ಕಾಲಕ್ಕೆ ದೇಶದ ನಿಯಮಗಳೂ ಬಿಗಿಯಾದವು. 1991ರಿಂದ ದೂರಶಿಕ್ಷಣದ ಮೇಲ್ವಿಚಾರಣೆ ನೋಡುತ್ತಿದ್ದ ದೂರಶಿಕ್ಷಣ ಮಂಡಳಿಯನ್ನು 2013ರಲ್ಲಿ ವಿಸರ್ಜಿಸಿ, ಆ ಅಧಿಕಾರವನ್ನು ಧನಸಹಾಯ ಆಯೋಗಕ್ಕೆ ವಹಿಸಲಾಯಿತು. ರಾಜ್ಯದ ವಿಶ್ವವಿದ್ಯಾನಿಲಯವು ತನ್ನ ರಾಜ್ಯದ ಎಲ್ಲೆ ದಾಟಿ ದೂರಶಿಕ್ಷಣ ಕೇಂದ್ರಗಳನ್ನು ನಡೆಸಬಾರದು, ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ನಡೆಸಬಾರದು ಎಂಬುದು ಆಯೋಗದ ನಿಲುವು. 2015ರ ಜೂನ್‌ನಲ್ಲಿ ಆಯೋಗವು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2012-13ರ ಅನಂತರ ಮಾನ್ಯತೆ ಇಲ್ಲವೆಂದು ಸಾರಿತು.

ಇದರ ಪೆಟ್ಟು ಬಿದ್ದದ್ದು ವಿದ್ಯಾರ್ಥಿಗಳ ಮೇಲೆ. ಪ್ರಕಟಣೆಗೆ ಮೊದಲೇ ಶುಲ್ಕ ಕಟ್ಟಿ ಓದುತ್ತಿದ್ದವರು ನಡುನೀರಿನಲ್ಲಿ ನಿಂತಂತಾಯಿತು. ರಾಜ್ಯದೊಳಗೆ, ವಿಶ್ವವಿದ್ಯಾನಿಲಯದ ಸ್ವಂತ ವಿಭಾಗಗಳಲ್ಲಿ ಬಿ.ಎ., ಬಿ.ಕಾಂ., ಎಂ.ಎ. ಓದುತ್ತಿದ್ದವರೂ, ಹೊರಗಿನ ಸಹಯೋಗದ ಕೋರ್ಸುಗಳಿಗೂ ತಮಗೂ ಸಂಬಂಧವೇ ಇಲ್ಲದಿದ್ದರೂ, ಅದೇ ಕಷ್ಟಕ್ಕೆ ಸಿಕ್ಕಿದರು. ನೌಕರಿಗೆ, ಬಡ್ತಿಗೆ, ಮುಂದಿನ ಓದಿಗೆ ಅಡ್ಡಿ ಬಂದಿತು. ಹಲವರು ನ್ಯಾಯಾಲಯದ ಮೊರೆಹೋದರು. 2015-16ರಿಂದ ಮೂರು ಶೈಕ್ಷಣಿಕ ವರ್ಷ ಹೊಸ ಪ್ರವೇಶಗಳೇ ನಡೆಯಲಿಲ್ಲ. ಸಾಲ ಮಾಡಿ ಮಗನನ್ನೋ ಮಗಳನ್ನೋ ಓದಿಸಿದ ರೈತನಿಗೆ, ಕೈಯಲ್ಲಿದ್ದ ಅಂಕಪಟ್ಟಿ ನಡೆಯುವುದೋ ಇಲ್ಲವೋ ಎಂಬ ಚಿಂತೆ ಬೆಳೆ ನಷ್ಟಕ್ಕಿಂತ ದೊಡ್ಡದಾಗಿತ್ತು. ಬೆಳೆ ಹೋದರೆ ಮುಂದಿನ ಹಂಗಾಮು ಇದೆ. ಇಪ್ಪತ್ತನೆಯ ವಯಸ್ಸಿನ ಮೂರು ವರ್ಷಗಳು ಮರಳಿ ಬರುವುದಿಲ್ಲ.

ಈ ಪ್ರಸಂಗ ರೈತರಿಗೆ ಅರ್ಥವಾಗದ್ದೇನಲ್ಲ. ಎರಡು ಎಕರೆ ಕಬ್ಬಿಗೆ ಸಾಲುವ ನೀರು ಬಾವಿಯಲ್ಲಿದ್ದಾಗ, ಕಬ್ಬಿಗೆ ಬೆಲೆ ಬಂದಿತೆಂದು ಐದು ಎಕರೆಗೆ ನಾಟಿ ಮಾಡಿದರೆ ಬೇಸಗೆಯಲ್ಲಿ ಹೆಚ್ಚಿನ ಮೂರು ಎಕರೆ ಮಾತ್ರ ಒಣಗುವುದಿಲ್ಲ. ಮೊದಲಿನ ಎರಡು ಎಕರೆಗೂ ನೀರು ಸಾಲದೆ ಇಡೀ ಬೆಳೆ ಬಾಡುತ್ತದೆ. ಸಂಸ್ಥೆಯ ಬೆಳವಣಿಗೆಗೂ ಇದೇ ನಿಯಮ ಅನ್ವಯಿಸುತ್ತದೆ. ಮೇಲ್ವಿಚಾರಣೆ ಮುಟ್ಟುವಷ್ಟು ದೂರಕ್ಕೆ ಮಾತ್ರ ಅದು ವಿಸ್ತರಿಸಬೇಕು.

ಚೇತರಿಕೆ

2018ರಲ್ಲಿ ಧನಸಹಾಯ ಆಯೋಗವು 2018-19ರಿಂದ 2022-23ರವರೆಗಿನ ಅವಧಿಗೆ ವಿಶ್ವವಿದ್ಯಾನಿಲಯಕ್ಕೆ ಮತ್ತೆ ಮಾನ್ಯತೆ ನೀಡಿತು. ಮಾನ್ಯತೆ ದೊರೆತದ್ದು ಆಯ್ದ ಕೋರ್ಸುಗಳಿಗೆ. ರಾಜ್ಯದೊಳಗೆ, ಸ್ವಂತ ಅಧ್ಯಾಪಕರಿರುವ ವಿಷಯಗಳಲ್ಲಿ ಪುನಃ ಪ್ರವೇಶ ಆರಂಭವಾಯಿತು. ಅಲ್ಲಿಂದೀಚೆಗೆ ಪ್ರವೇಶಗಳು ನಡೆಯುತ್ತ ಬಂದಿವೆ. ಒಣಗಿದ ಗಿಡವನ್ನು ಬುಡದವರೆಗೆ ಸವರಿದ ಮೇಲೆ ಹೊಸ ಚಿಗುರು ಬಂದಂತೆ ಈ ಚೇತರಿಕೆ ನಡೆದಿದೆ.

ಪದವಿಯ ಬೆಲೆಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಮಾನ್ಯತೆ ಪಡೆದ ಸಂಸ್ಥೆಯಿಂದ ದೂರಶಿಕ್ಷಣದ ಮೂಲಕ ಪಡೆದ ಪದವಿಯು ಕಾಲೇಜಿಗೆ ಹೋಗಿ ಪಡೆದ ಅದೇ ಪದವಿಗೆ ಸಮಾನ ಎಂದು ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಅಂಚೆಯಲ್ಲಿ ಓದಿದವರೆಂದು ಹೀಗಳೆಯುವುದಕ್ಕೆ ಇನ್ನು ಆಧಾರವಿಲ್ಲ. ಆದರೆ ಮಾನ್ಯತೆ ಪಡೆದ ಎಂಬ ಮಾತು ಈ ವಾಕ್ಯದ ಜೀವ.

ಬೇಸಾಯವನ್ನು ದೂರದಿಂದ ಕಲಿಯಬಹುದೇ?

ರೈತರು ಸಹಜವಾಗಿ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಎರಡು ಬಗೆಯದು.

ಪದವಿಯ ಮಟ್ಟಿಗೆ ಹೇಳುವುದಾದರೆ, ಧನಸಹಾಯ ಆಯೋಗವು ದೂರಶಿಕ್ಷಣದಲ್ಲಿ ನಡೆಸಬಾರದ ವಿಷಯಗಳ ಪಟ್ಟಿಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು ಮುಂತಾದವುಗಳ ಜೊತೆಗೆ ಕೃಷಿ ಮತ್ತು ತೋಟಗಾರಿಕೆಯನ್ನೂ ಸೇರಿಸಿದೆ. ಕಾರಣ ಸ್ಪಷ್ಟ. ಮಣ್ಣಿನ ಮಾದರಿ ತೆಗೆಯುವುದು, ಕಸಿ ಕಟ್ಟುವುದು, ರೋಗದ ಮಚ್ಚೆಗೂ ಪೋಷಕಾಂಶದ ಕೊರತೆಯ ಮಚ್ಚೆಗೂ ಇರುವ ವ್ಯತ್ಯಾಸವನ್ನು ಎಲೆ ಹಿಡಿದು ಗುರುತಿಸುವುದು, ಇವು ಪ್ರಯೋಗಶಾಲೆಯಲ್ಲಿ ಮತ್ತು ತಾಕಿನಲ್ಲಿ ನಿಂತು ಕಲಿಯಬೇಕಾದ ವಿದ್ಯೆಗಳು. ಆದ್ದರಿಂದ ಮನೆಯಲ್ಲೇ ಕುಳಿತು ಬಿ.ಎಸ್ಸಿ. ಕೃಷಿ ಪದವಿ ಪಡೆಯಿರಿ ಎಂಬ ಜಾಹೀರಾತು ಕಂಡರೆ ರೈತರು ಹಣ ಕಟ್ಟುವ ಮೊದಲು ಹತ್ತು ಸಲ ಯೋಚಿಸಬೇಕು.

ಆದರೆ ಹೊಲ ಈಗಾಗಲೇ ಇರುವವನಿಗೆ ಅದೇ ಪ್ರಯೋಗಶಾಲೆ. ಅಂತಹವನಿಗೆ ಬೇಕಾದದ್ದು ಪದವಿಯಲ್ಲ, ಒಂದು ವಿಷಯದಲ್ಲಿ ಕ್ರಮಬದ್ಧವಾದ ತಿಳಿವಳಿಕೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು 2005ರಲ್ಲಿ ಕೃಷಿ ವಿಭಾಗವನ್ನು ತೆರೆದು ಸಾವಯವ ಬೇಸಾಯ, ರೇಷ್ಮೆ, ಜೇನು ಸಾಕಣೆ, ಕೋಳಿ ಸಾಕಣೆ, ಜಲಾನಯನ ನಿರ್ವಹಣೆ, ಹಣ್ಣು ತರಕಾರಿಗಳ ಮೌಲ್ಯವರ್ಧನೆ ಮೊದಲಾದ ವಿಷಯಗಳಲ್ಲಿ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ಶಿಕ್ಷಣವನ್ನು ರೂಪಿಸಿತು. ಆಯಾ ವರ್ಷ ಇವುಗಳಲ್ಲಿ ಯಾವುದಕ್ಕೆ ಪ್ರವೇಶ ನಡೆಯುತ್ತಿದೆ ಎಂಬುದನ್ನು ಹತ್ತಿರದ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

ಕೆಲಸ ಬಿಡದೆ ಕಲಿಯುವ ಇನ್ನೊಂದು ಮಾದರಿ ಗೊಬ್ಬರ, ಬೀಜ ಹಾಗೂ ಕೀಟನಾಶಕ ಮಾರಾಟಗಾರರಿಗಾಗಿ ಇರುವ ಡಿಪ್ಲೊಮಾ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು ಇದನ್ನು 2003ರಲ್ಲಿ ಪ್ರಾರಂಭಿಸಿತು. ಒಂದು ವರ್ಷದ ಈ ಶಿಕ್ಷಣ ವಾರಕ್ಕೆ ಒಂದು ದಿನದಂತೆ 48 ವಾರ ನಡೆಯುತ್ತದೆ. 40 ದಿನ ತರಗತಿ, 8 ದಿನ ಕ್ಷೇತ್ರ ಭೇಟಿ. ರೋಗ ಬಂದಾಗ ರೈತ ಮೊದಲು ಹೋಗುವುದು ಅಂಗಡಿಗೆ. ಅಂಗಡಿಯವನು ಕಲಿತರೆ ಸುತ್ತಲಿನ ಹಳ್ಳಿಗಳಿಗೆ ಲಾಭ ಎಂಬುದು ಇದರ ಹಿಂದಿನ ವಿಚಾರ.

ಕೃಷಿ ವಿಜ್ಞಾನ ಕೇಂದ್ರಗಳನ್ನೂ ಇಲ್ಲಿ ನೆನೆಯಬೇಕು. ದೇಶದ ಮೊದಲನೆಯ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಈಗ ಕರ್ನಾಟಕದ ಜಿಲ್ಲೆಗಳಲ್ಲೂ ಇವು ಕೆಲಸ ಮಾಡುತ್ತಿವೆ. ಪುಸ್ತಕದಲ್ಲಿ ಓದಿದ್ದನ್ನು ಈ ಕೇಂದ್ರದ ತಾಕಿನಲ್ಲಿ ಕಣ್ಣಾರೆ ನೋಡಿ, ಕೈಯಾರೆ ಮಾಡಿ ಖಾತ್ರಿ ಮಾಡಿಕೊಳ್ಳಬಹುದು. ದೂರಶಿಕ್ಷಣದ ಪುಸ್ತಕ ಹಾಗೂ ಕೃಷಿ ವಿಜ್ಞಾನ ಕೇಂದ್ರದ ತಾಕು ಒಂದಕ್ಕೊಂದು ಪೂರಕ.

ಹಳ್ಳಿಯಲ್ಲಿ ಉಳಿಯುವ ಪದವೀಧರ

ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಅಥವಾ ಬಿ.ಕಾಂ. ಓದಿದರೆ ಬೇಸಾಯಕ್ಕೆ ಏನು ಉಪಯೋಗ ಎಂದು ಕೆಲವರು ಕೇಳುವುದುಂಟು. ಹಾಲು ಉತ್ಪಾದಕರ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಂಘ, ಸ್ವಸಹಾಯ ಗುಂಪು ಇವೆಲ್ಲಕ್ಕೂ ಲೆಕ್ಕ ಬರೆಯುವವರು, ನಡಾವಳಿ ಬರೆಯುವವರು, ಬ್ಯಾಂಕಿಗೆ ಪತ್ರ ಬರೆಯುವವರು ಬೇಕು. ದೇಶದಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ 2020ರಲ್ಲಿ ಆರಂಭವಾದ ಮೇಲೆ ಈ ಅಗತ್ಯ ಇನ್ನೂ ಹೆಚ್ಚಾಯಿತು. ಕಂಪನಿ ಕಾಯಿದೆಯ ಕೆಳಗೆ ನೋಂದಣಿಯಾದ ಸಂಸ್ಥೆಯು ವರ್ಷವರ್ಷವೂ ಲೆಕ್ಕಪತ್ರ ಸಲ್ಲಿಸಬೇಕು. ವಾಣಿಜ್ಯ ಓದಿದ ಊರಿನ ಮಗನೋ ಮಗಳೋ ಆ ಕೆಲಸ ಮಾಡಬಲ್ಲವರಾದರೆ ಪಟ್ಟಣದಿಂದ ಸಂಬಳದ ವ್ಯಕ್ತಿಯನ್ನು ಕರೆತರುವುದು ತಪ್ಪುತ್ತದೆ.

ಕಾಲೇಜಿಗೆಂದು ಪಟ್ಟಣಕ್ಕೆ ಹೋದ ಹುಡುಗ ಊರಿಗೆ ಮರಳುವುದು ಕಡಿಮೆ. ಮನೆಯಲ್ಲೇ ಇದ್ದು ಓದಿದವನು ಬೇಸಾಯದ ಸಂಬಂಧ ಕಡಿದುಕೊಂಡಿರುವುದಿಲ್ಲ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಸಂಜೆ ಅರ್ಥಶಾಸ್ತ್ರದ ಪುಸ್ತಕ ತೆರೆದವನಿಗೆ ಮಾರುಕಟ್ಟೆಯ ಬೆಲೆ ಏಕೆ ಏರಿತು, ಏಕೆ ಇಳಿಯಿತು ಎಂಬ ಪಾಠ ತನ್ನ ಟೊಮೆಟೊ ಬುಟ್ಟಿಯ ಮೂಲಕವೇ ಅರ್ಥವಾಗುತ್ತದೆ.

ಮಹಿಳೆಯರ ಮಟ್ಟಿಗೆ ಈ ಶಿಕ್ಷಣದ ಮಹತ್ವ ಇನ್ನೂ ದೊಡ್ಡದು. ಪಂಚಾಯತಿಯಲ್ಲಿ ಮಹಿಳೆಯರು ಸದಸ್ಯರೂ ಅಧ್ಯಕ್ಷರೂ ಆಗುತ್ತಿದ್ದಾರೆ. ಕಡತ ಓದಲು ಬಾರದಿದ್ದರೆ ಸಹಿ ಮಾತ್ರ ಅವರದು, ಅಧಿಕಾರ ಬೇರೆಯವರದು ಎಂಬಂತಾಗುತ್ತದೆ. ಹತ್ತನೆಯ ತರಗತಿಯನ್ನೂ ಮುಗಿಸದೆ ಮದುವೆಯಾದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ಮುಗಿಸಬಹುದು. ಅಲ್ಲಿ ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿಯಿದೆ. ಒಂದೊಂದೇ ವಿಷಯವನ್ನು ಪಾಸು ಮಾಡುತ್ತ ಹೋಗಬಹುದು. ಆ ಮೆಟ್ಟಿಲು ಹತ್ತಿದ ಮೇಲೆ ಪದವಿಯ ಬಾಗಿಲು ತೆರೆಯುತ್ತದೆ.

ಶುಲ್ಕ ಕಟ್ಟುವ ಮೊದಲು ಅನುಸರಿಸಬೇಕಾದ ಕ್ರಮಗಳು

ಬೀಜ ಕೊಳ್ಳುವಾಗ ಚೀಲದ ಮೇಲಿನ ಪ್ರಮಾಣಪತ್ರದ ಚೀಟಿ ನೋಡುವಂತೆ, ಪ್ರವೇಶ ಪಡೆಯುವ ಮುನ್ನ ಈ ಕೆಳಗಿನ ಅಂಶಗಳನ್ನು ನೋಡಿಕೊಳ್ಳತಕ್ಕದ್ದು.

1. ಧನಸಹಾಯ ಆಯೋಗದ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ವಿಶ್ವವಿದ್ಯಾನಿಲಯದ ಹೆಸರು ಇದೆಯೇ ಎಂದು ನೋಡಬೇಕು. ಹೆಸರಿದ್ದರೆ ಸಾಲದು, ಸೇರಬೇಕೆಂದಿರುವ ಕೋರ್ಸಿಗೆ, ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂಬುದು ಮುಖ್ಯ.

2. ಹೊರರಾಜ್ಯದ ರಾಜ್ಯ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಕೇಂದ್ರ ಇಲ್ಲೇ ಪಟ್ಟಣದಲ್ಲಿದೆ ಎಂದು ಯಾರಾದರೂ ಹೇಳಿದರೆ ಕೂಡಲೇ ಅನುಮಾನಿಸಬೇಕು.

3. 2024ರಿಂದ ದೂರಶಿಕ್ಷಣಕ್ಕೆ ಸೇರುವ ವಿದ್ಯಾರ್ಥಿ ಆಯೋಗದ ಜಾಲತಾಣದಲ್ಲಿ ತಾನೇ ನೋಂದಾಯಿಸಿ ಡಿ.ಇ.ಬಿ. ಗುರುತಿನ ಸಂಖ್ಯೆ ಪಡೆಯಬೇಕಾಗಿದೆ. ಇದಿಲ್ಲದೆಯೇ ಪ್ರವೇಶ ಕೊಡಿಸುತ್ತೇನೆ ಎನ್ನುವವರನ್ನು ನಂಬಬಾರದು.

4. ಶುಲ್ಕವನ್ನು ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಿ ರಸೀತಿ ಪಡೆಯಬೇಕು. ಮಧ್ಯವರ್ತಿಯ ಕೈಗೆ ನಗದು ಕೊಡಬಾರದು.

5. ತರಗತಿ, ಬರವಣಿಗೆ, ಪರೀಕ್ಷೆ ಏನೂ ಇಲ್ಲದೆ ಅಂಕಪಟ್ಟಿ ತರಿಸಿಕೊಡುತ್ತೇವೆ ಎಂಬ ಮಾತಿಗೆ ಮರುಳಾಗಬಾರದು. ಅದು ಮೊಳಕೆ ಬಾರದ ಬೀಜ.

6. ಪ್ರವೇಶದ ಪತ್ರಗಳು, ರಸೀತಿಗಳು, ಬರವಣಿಗೆ ಒಪ್ಪಿಸಿದ ಸ್ವೀಕೃತಿಗಳನ್ನು ಪಹಣಿ ಪತ್ರದಂತೆಯೇ ಜೋಪಾನವಾಗಿಡಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಗ್ರಾಮದ ಮನೆಮನೆಯ ಪರಿಚಯ ಇರುವವರು ವಿಸ್ತರಣಾ ಕಾರ್ಯಕರ್ತರು. ಯಾವ ಮನೆಯಲ್ಲಿ ಓದು ನಿಲ್ಲಿಸಿದ ಯುವಕನಿದ್ದಾನೆ, ಯಾವ ಸಂಘದ ಕಾರ್ಯದರ್ಶಿಗೆ ಲೆಕ್ಕದ ಶಿಕ್ಷಣ ಬೇಕಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಜೂನ್ ಮತ್ತು ಡಿಸೆಂಬರ್ ತಿಂಗಳ ಗ್ರಾಮ ಸಭೆಗಳಲ್ಲಿ ಮುಂದಿನ ಪ್ರವೇಶದ ಮಾಹಿತಿ ಹೇಳುವುದು, ಜಾಲತಾಣದಲ್ಲಿ ಮಾನ್ಯತೆಯ ಪಟ್ಟಿಯನ್ನು ತೆರೆದು ತೋರಿಸುವುದು, ಒಂದೇ ಕೋರ್ಸಿನ ಮೂರು ನಾಲ್ಕು ಮಂದಿ ಇದ್ದರೆ ಗ್ರಂಥಾಲಯದಲ್ಲೋ ಶಾಲೆಯಲ್ಲೋ ವಾರಕ್ಕೊಮ್ಮೆ ಒಟ್ಟಿಗೆ ಓದುವಂತೆ ಏರ್ಪಡಿಸುವುದು, ಇವು ಹಣದ ಖರ್ಚಿಲ್ಲದೆ ಆಗುವ ಕೆಲಸಗಳು. ದೂರಶಿಕ್ಷಣದಲ್ಲಿ ಓದು ಅರ್ಧಕ್ಕೆ ನಿಲ್ಲಲು ಒಂಟಿತನವೂ ಒಂದು ಕಾರಣ. ಜೊತೆಗೆ ಒಬ್ಬರಿದ್ದರೂ ಓದು ಮುಂದುವರಿಯುತ್ತದೆ.

ಮೈಸೂರಿನಲ್ಲಿ 1969ರಲ್ಲಿ ಅಂಚೆಯ ಲಕೋಟೆಯಾಗಿ ಹೊರಟ ಪಾಠ ಇಂದು ದೂರವಾಣಿಯ ಪರದೆಯ ಮೇಲೂ ಬರುತ್ತಿದೆ. ಸಾಧನ ಬದಲಾಗಿದೆ, ಓದುವವನು ದಿನಕ್ಕೆ ಒಂದೂವರೆ ಗಂಟೆ ಕೂರಬೇಕೆಂಬ ನಿಯಮ ಬದಲಾಗಿಲ್ಲ. ಸಂಸ್ಥೆ ತನ್ನ ನೀರಿನ ಅಳತೆ ಅರಿತು ಬೆಳೆಯಲಿ. ರೈತ ಕುಟುಂಬ ಮಾನ್ಯತೆಯ ಚೀಟಿ ನೋಡಿ ಸೇರಲಿ. ಅಟ್ಟಕ್ಕೆ ಹಾಕಿದ ಪುಸ್ತಕಗಳನ್ನು ಕೆಳಗಿಳಿಸಿ ಧೂಳು ಕೊಡವಲು ಯಾವ ವಯಸ್ಸೂ ತಡವಲ್ಲ. ಮುಂದಿನ ಪ್ರವೇಶದ ವೇಳೆಗೆ ಪ್ರತಿ ಹಳ್ಳಿಯಿಂದ ಒಬ್ಬರಾದರೂ ನಿಂತ ಓದನ್ನು ಮತ್ತೆ ಹಿಡಿದರೆ ಈ ಮಾತುಗಳು ಸಾರ್ಥಕ.